ಗೊಬ್ಬರದ ಚೀಲದಲ್ಲಿ ‘ಡೈ’ ಉಂಟು, ಮಗಳು ‘ಡೈ’ ಬರೆದರೆ ಮಾರ್ಕ್ ಇಲ್ಲ. ಯಾಕೆ?

ತೋಟದಮನೆ_ಹಿರಿಯಡ್ಕ

ಎಲ್ಲರಿಗೂ ನಮಸ್ಕಾರ. ಕೆಮಿಸ್ಟ್ರಿ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಮಗಳು ಒಂಬತ್ತನೇ ಕ್ಲಾಸು. ನಾನು ಓದಿದ್ದು ಬಿಕಾಂ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಸೈನ್ಸಿನ ಕಡೆ ತಲೆ ಹಾಕಿ ಮಲಗಿದವನಲ್ಲ. (ಸೂತ್ರಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೀಬೋರ್ಡ್ ಬದಲಾಯಿಸುತ್ತಾ ಕೂತರೆ ರಗಳೆ.)

ಟೆಸ್ಟಿನಲ್ಲಿ (ಎನ್‌ಎಚ್₄)₂ಎಸ್‌ಒ₄ ಕೊಟ್ಟು ಇದರ ಹೆಸರು ಬರೆಯಿರಿ ಎಂದು ಕೇಳಿದ್ದರು. ಇವಳು ಡೈಅಮೋನಿಯಂ ಸಲ್ಫೇಟ್ ಎಂದು ಬರೆದಿದ್ದಾಳೆ. ಅದಕ್ಕೆ ಅಡ್ಡ ಕೆಂಪು ಗೆರೆ. ಸರಿ ಉತ್ತರ ಬರೀ ಅಮೋನಿಯಂ ಸಲ್ಫೇಟ್ ಅಂತೆ. ಅಮೋನಿಯಂ ಎರಡು ಇದೆ, ಕಾರ್ಬನ್ ಡೈಆಕ್ಸೈಡಿನಲ್ಲಿ ಆಕ್ಸಿಜನ್ ಎರಡು ಇದ್ದದ್ದಕ್ಕೆ ಡೈ ಹಾಕುತ್ತಾರೆ, ಹಾಗಿದ್ದರೆ ಇಲ್ಲಿ ಯಾಕೆ ಬೇಡ ಎಂದು ಅವಳ ವಾದ. ನನಗೂ ಹೌದಲ್ವಾ ಅನಿಸಿತು. ಸುಮ್ನೆ ಬಿಡುವ ಜನ ಅಲ್ಲ ಇವಳು, ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೊಬ್ಬರದ ಚೀಲ ತೋರಿಸಿದಳು. ದಪ್ಪ ಅಕ್ಷರದಲ್ಲಿ ಡೈ ಅಮೋನಿಯಂ ಫಾಸ್ಫೇಟ್, 18-46-0. "ಕಂಪೆನಿಯವರು ಬರೆಯಬಹುದು, ನಾನು ಬರೆಯಬಾರದಾ ಅಪ್ಪಾ?" ಇದಕ್ಕೆ ಎಂತ ಹೇಳುವುದು?

ಇನ್ನೂ ಎರಡು ಇವೆ. ಬ್ರಾಕೆಟ್ ಯಾವಾಗ ಹಾಕಬೇಕು, ಯಾವಾಗ ಬೇಡ? ಮತ್ತೆ ಈ ಸಲ್ಫೇಟ್, ಸಲ್ಫೈಟ್, ಸಲ್ಫೈಡ್ ಮೂರಕ್ಕೂ ಏನು ವ್ಯತ್ಯಾಸ? ಇದಕ್ಕೆಲ್ಲ ಒಂದು ನಿಯಮ ಇದೆಯಾ ಅಥವಾ ಉರು ಹೊಡೆಯುವುದೇ ಗತಿಯಾ?

---

ಕುಡ್ಲದ_ಬುಲೆಟ್

ಉರು ಹೊಡೆಸಿ ಮಾರಾಯ್ರೇ. ಪುಸ್ತಕದಲ್ಲಿ ಒಂದು ಟೇಬಲ್ ಉಂಟು, ಅಯಾನು, ಚಾರ್ಜ್, ಹೆಸರು. ಅದನ್ನು ಬಚ್ಚಲುಮನೆ ಬಾಗಿಲಿಗೆ ಅಂಟಿಸಿ. ನಾವೆಲ್ಲ ಹಾಗೇ ಪಾಸಾದದ್ದು. ಯಾಕೆ ಅಂತ ಕೇಳಿದವರಿಗೆ ಆಗಲೂ ಉತ್ತರ ಸಿಕ್ಕಿರಲಿಲ್ಲ.

---

ಕದ್ರಿ_ಕೆಮಿಸ್ಟ್ರಿ

ಉರು ಹೊಡೆಯುವುದು ಸ್ವಲ್ಪ ಇದೆ, ಆದರೆ ಇಡೀ ಟೇಬಲ್ ಬೇಡ. ನಾನು ಪಿಯುಸಿಗೆ ಪಾಠ ಮಾಡುವವಳು. ಒಂಬತ್ತರಲ್ಲಿ ಇದು ಗಟ್ಟಿಯಾಗದ ಮಕ್ಕಳು ಸೆಕೆಂಡ್ ಪಿಯುನಲ್ಲಿ ಸಾಲ್ಟ್ ಅನಾಲಿಸಿಸ್ ಮಾಡುವಾಗಲೂ ಸಲ್ಫೈಡ್ ಎಂದು ಬರೆದು ಸಲ್ಫೇಟಿನ ಪರೀಕ್ಷೆ ಮಾಡುತ್ತಾ ನಿಲ್ಲುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಡೈ ವಿಷಯ. ಕಾರ್ಬನ್ ಮತ್ತು ಆಕ್ಸಿಜನ್ ಎಲೆಕ್ಟ್ರಾನ್ ಹಂಚಿಕೊಂಡು ಕೂಡುತ್ತವೆ. ಒಂದಕ್ಕೆ ಒಂದು ಕೂಡಿದರೆ ಕಾರ್ಬನ್ ಮಾನಾಕ್ಸೈಡ್, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಪ್ರಾಣ ತೆಗೆಯುವ ಗ್ಯಾಸ್ ಅದು. ಒಂದಕ್ಕೆ ಎರಡು ಕೂಡಿದರೆ ಡೈಆಕ್ಸೈಡ್, ಅದನ್ನು ನಾವು ಗೋಳಿ ಸೋಡಾದಲ್ಲಿ ಕುಡಿಯುತ್ತೇವೆ. ಎರಡೂ ಇವೆ. ಎಷ್ಟು ಎಂದು ಹೇಳದಿದ್ದರೆ ಯಾವುದರ ಮಾತು ಎಂದು ಗೊತ್ತಾಗುವುದಿಲ್ಲ, ಅದಕ್ಕೇ ಅಲ್ಲಿ ಮಾನೋ, ಡೈ, ಟ್ರೈ ಬೇಕು.

ಅಯಾನುಗಳಿಂದ, ಅಂದರೆ ಚಾರ್ಜ್ ಇರುವ ಪರಮಾಣು ಅಥವಾ ಪರಮಾಣುಗಳ ಗುಂಪುಗಳಿಂದ, ಆದ ಸಂಯುಕ್ತದಲ್ಲಿ ಈ ಗೊಂದಲ ಇಲ್ಲ. ಅಮೋನಿಯಂ ಚಾರ್ಜ್ +1. ಸಲ್ಫೇಟ್ ಚಾರ್ಜ್ −2. ಕೂಡಿಸಿದರೆ ಸೊನ್ನೆ ಬರಲೇಬೇಕು. ಹಾಗಾಗಿ ಒಂದು ಸಲ್ಫೇಟಿಗೆ ಎರಡು ಅಮೋನಿಯಂ, ಬೇರೆ ದಾರಿಯೇ ಇಲ್ಲ. ಅಮೋನಿಯಂ ಸಲ್ಫೇಟ್ ಎಂದ ಕೂಡಲೇ ಎರಡು ಎಂಬುದು ಅದರೊಳಗೇ ಬಂತು. ಮತ್ತೆ ಯಾಕೆ ಹೇಳುವುದು? ಮಗಳಿಗೆ ಇಷ್ಟು ಹೇಳಿ: ಚಾರ್ಜ್ ಲೆಕ್ಕ ಹೇಳುವಲ್ಲಿ ಡೈ ಬೇಡ, ಚಾರ್ಜ್ ಲೆಕ್ಕ ಹೇಳದಲ್ಲಿ ಡೈ ಬೇಕು. ಎಎಲ್₂(ಎಸ್‌ಒ₄)₃ ನೋಡಿ, ಅಷ್ಟೊಂದು ಅಂಕಿಗಳಿವೆ, ಹೆಸರು ಮಾತ್ರ ಸೀದಾ ಅಲ್ಯುಮಿನಿಯಂ ಸಲ್ಫೇಟ್.

ಇನ್ನು ಬ್ರಾಕೆಟ್. ಇದು ಅರ್ಥವಾಗಬೇಕಾದರೆ ಬಹುಪರಮಾಣು ಅಯಾನು ಎಂದರೆ ಎಂತದು ಎಂದು ಮೊದಲು ಗೊತ್ತಾಗಬೇಕು. ಶಂಕರಪುರ ಮಲ್ಲಿಗೆ ತರುವಾಗ ನಾವು "ಮೂರು ಚೆಂಡು ಕೊಡಿ" ಎನ್ನುತ್ತೇವೆ. ಒಂದು ಚೆಂಡಿಗೆ 800 ಹೂ ಲೆಕ್ಕ, ಆದರೂ 2400 ಹೂ ಕೊಡಿ ಎಂದು ಯಾರೂ ಕೇಳುವುದಿಲ್ಲ, ಚೆಂಡು ಬಿಚ್ಚಿ ಎಣಿಸುವುದೂ ಇಲ್ಲ. ಎಸ್‌ಒ₄ ಅಂಥ ಒಂದು ಚೆಂಡು. ಒಂದು ಸಲ್ಫರ್, ನಾಲ್ಕು ಆಕ್ಸಿಜನ್ ಒಟ್ಟಿಗೆ ಗಟ್ಟಿಯಾಗಿ ಕಟ್ಟಿಕೊಂಡಿವೆ. ಆ −2 ಚಾರ್ಜ್ ಸಲ್ಫರಿನದ್ದೂ ಅಲ್ಲ, ಆಕ್ಸಿಜನ್ನಿನದ್ದೂ ಅಲ್ಲ, ಇಡೀ ಚೆಂಡಿನದ್ದು. ಒಳಗಿನ 4 ಚೆಂಡಿನ ಸ್ವಂತದ್ದು, ಅದನ್ನು ಯಾರೂ ಮುಟ್ಟಬಾರದು. ಚೆಂಡು ಎಷ್ಟು ಬೇಕು ಎಂಬುದನ್ನು ಹೊರಗೆ ಬರೆಯಬೇಕು. ಒಂದೇ ಸಾಕಾದರೆ ಬ್ರಾಕೆಟ್ಟೇ ಬೇಡ, ಎರಡೋ ಮೂರೋ ಬೇಕಾದರೆ ಬ್ರಾಕೆಟ್ ಹಾಕಿ ಹೊರಗೆ ಅಂಕಿ.

ಸುಣ್ಣದ ನೀರನ್ನೇ ತೆಗೆದುಕೊಳ್ಳಿ. ಕ್ಯಾಲ್ಸಿಯಂ +2, ಹೈಡ್ರಾಕ್ಸೈಡ್ −1, ಎರಡು ಬೇಕು, ಹಾಗಾಗಿ ಸಿಎ(ಒಎಚ್)₂. ಬ್ರಾಕೆಟ್ ಬಿಟ್ಟು ಸಿಎಒಎಚ್₂ ಎಂದರೆ ಆ 2 ಬರೀ ಹೈಡ್ರೋಜನ್ನಿಗೆ ಹೋಯಿತು, ಆಕ್ಸಿಜನ್ ಒಂದೇ ಉಳಿಯಿತು. ಅಂಥ ವಸ್ತುವೇ ಇಲ್ಲ. ಮೌಲ್ಯಮಾಪನದಲ್ಲಿ ಅತಿ ಜಾಸ್ತಿ ಕಾಣುವ ತಪ್ಪು ಇದು. ಕೈಬರಹ ಚೆಂದ ಇದ್ದರೂ ಮಾರ್ಕ್ ಕೊಡಲು ಬರುವುದಿಲ್ಲ.

ಮೂರನೆಯದು, ಏಟ್, ಐಟ್, ಐಡ್. 1787ರಲ್ಲಿ ಫ್ರಾನ್ಸಿನ ಲವೋಸಿಯೇ ಮತ್ತು ಅವನ ಮೂವರು ಜೊತೆಗಾರರು ರಾಸಾಯನಿಕಗಳಿಗೆ ಹೆಸರಿಡುವ ಪದ್ಧತಿ ಮಾಡಿದರು, ಅದಕ್ಕೆ ಮೊದಲು ಒಂದೊಂದು ಊರಿನಲ್ಲಿ ಒಂದೊಂದು ಹೆಸರಿತ್ತು. ಈ ಬಾಲಗಳ ಮೂಲ ಅಲ್ಲಿಯದು. ಐಡ್ ಎಂದರೆ ಸಾಮಾನ್ಯವಾಗಿ ಒಂಟಿ ಪರಮಾಣು, ಆಕ್ಸಿಜನ್ ಜೊತೆಗಿಲ್ಲ. ಸಲ್ಫೈಡ್ ಎಂದರೆ ಬರೀ ಎಸ್, ಚಾರ್ಜ್ −2. ಏಟ್ ಮತ್ತು ಐಟ್ ಬಂದರೆ ಆಕ್ಸಿಜನ್ ಸೇರಿದೆ ಎಂದು ಅರ್ಥ. ಏಟ್‌ನಿಂದ ಒಂದು ಆಕ್ಸಿಜನ್ ತೆಗೆದರೆ ಐಟ್, ಚಾರ್ಜ್ ಅಷ್ಟೇ. ಸಲ್ಫೇಟ್ ಎಸ್‌ಒ₄, ಸಲ್ಫೈಟ್ ಎಸ್‌ಒ₃, ಎರಡಕ್ಕೂ −2. ನೈಟ್ರೇಟ್ ಎನ್‌ಒ₃, ನೈಟ್ರೈಟ್ ಎನ್‌ಒ₂, ಎರಡಕ್ಕೂ −1.

ಇಲ್ಲಿ ಒಂದು ಕಡೆ ಜಾರುತ್ತಾರೆ. ಏಟ್ ಎಂದರೆ ನಾಲ್ಕು, ಐಟ್ ಎಂದರೆ ಮೂರು ಎಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಅಲ್ಲ. ನೈಟ್ರೇಟಿಗೆ ಮೂರೇ. ಕಾರ್ಬನೇಟಿಗೂ ಮೂರೇ. ಬಾಲ ಹೇಳುವುದು ಜಾಸ್ತಿ ಕಡಿಮೆ ಮಾತ್ರ, ಎಷ್ಟು ಎಂದು ಹೇಳುವುದಿಲ್ಲ. ಹಾಗಾಗಿ ಏಟ್‌ಗಳನ್ನು ಉರು ಹೊಡೆಯಲೇಬೇಕು: ನೈಟ್ರೇಟ್, ಕಾರ್ಬನೇಟ್, ಸಲ್ಫೇಟ್, ಫಾಸ್ಫೇಟ್. ಜೊತೆಗೆ ಅಮೋನಿಯಂ ಮತ್ತು ಹೈಡ್ರಾಕ್ಸೈಡ್. ಒಂಬತ್ತನೇ ಕ್ಲಾಸಿಗೆ ಈ ಆರು ಬಾಯಲ್ಲಿದ್ದರೆ ಉಳಿದದ್ದನ್ನು ಇವುಗಳಿಂದಲೇ ಮಾಡಿಕೊಳ್ಳಬಹುದು. ಬುಲೆಟ್ ಅವರೇ, ಬಚ್ಚಲುಮನೆ ಬಾಗಿಲಿಗೆ ಅಷ್ಟು ಸಾಕು.

ಹೈಡ್ರಾಕ್ಸೈಡ್ ಮಾತ್ರ ತಲೆಹರಟೆ. ಎರಡು ಪರಮಾಣು ಸೇರಿದ ಅಯಾನು, ಬಾಲ ಮಾತ್ರ ಐಡ್. ಸೈನೈಡ್ ಕೂಡ ಹಾಗೆ.

---

ಪಣಂಬೂರು_ನೈಟ್‌ಶಿಫ್ಟ್

ಮೇಡಂ ಚೆನ್ನಾಗಿ ಹೇಳಿದ್ದಾರೆ, ಆದರೆ ಚೀಲದ ಡೈ ಬಗ್ಗೆ ಹೇಳಲಿಲ್ಲ. ಹುಡುಗಿಯ ನಿಜವಾದ ಪ್ರಶ್ನೆ ಅದೇ ಅಲ್ವಾ. ನಾನು ಗೊಬ್ಬರದ ಲೈನಿನಲ್ಲಿ ಇದ್ದವನು, ಹೇಳುತ್ತೇನೆ ಕೇಳಿ.

ಪಣಂಬೂರಿನಲ್ಲಿ ಬಂದರಿನ ಬದಿಯಲ್ಲೇ ಎಂಸಿಎಫ್ ಗೊಬ್ಬರದ ಕಾರ್ಖಾನೆ ಇದೆ, ಯೂರಿಯಾ, ಡಿಎಪಿ (ನಿಮ್ಮ ಚೀಲದ ಡೈ ಅಮೋನಿಯಂ ಫಾಸ್ಫೇಟ್) ಎರಡೂ ಮಾಡುತ್ತಾರೆ, ಇಲ್ಲಿಯವರಿಗೆಲ್ಲ ಗೊತ್ತು. ಡಿಎಪಿ ಮಾಡುವುದು ಫಾಸ್ಫಾರಿಕ್ ಆಸಿಡ್‌ಗೆ ಅಮೋನಿಯಾ ಕೊಟ್ಟು. ಫಾಸ್ಫಾರಿಕ್ ಆಸಿಡ್ ಎಂದರೆ ಎಚ್₃ಪಿಒ₄, ಬಿಟ್ಟುಕೊಡಲು ಮೂರು ಹೈಡ್ರೋಜನ್ ಇವೆ. ಅಮೋನಿಯಾ ಬಂದು ಒಂದನ್ನು ತೆಗೆದುಕೊಂಡರೆ ಉಳಿಯುವುದು ಎಚ್₂ಪಿಒ₄, ಚಾರ್ಜ್ −1, ಅದಕ್ಕೆ ಒಂದು ಅಮೋನಿಯಂ ಸಾಕು. ಎರಡನ್ನು ತೆಗೆದುಕೊಂಡರೆ ಎಚ್‌ಪಿಒ₄, ಚಾರ್ಜ್ −2, ಅದಕ್ಕೆ ಎರಡು ಅಮೋನಿಯಂ. ಮೂರನ್ನೂ ತೆಗೆದರೆ ಪಿಒ₄, ಚಾರ್ಜ್ −3, ಅಮೋನಿಯಂ ಮೂರು. ಈ ಮೂರನೆಯದ್ದು ಚೀಲದಲ್ಲಿ ನಿಲ್ಲುವುದಿಲ್ಲ, ಸುಮ್ಮನೆ ಇಟ್ಟರೂ ಅಮೋನಿಯಾ ಬಿಟ್ಟು ಮೂಗು ಉರಿಸುತ್ತದೆ.

ಅಂಗಡಿಗೆ ಬರುವುದು ಮೊದಲ ಎರಡು. ಒಂದನ್ನು ಎಂಎಪಿ ಎನ್ನುತ್ತಾರೆ, ಡ್ರಿಪ್ಪಿನಲ್ಲಿ ಬಿಡುವ 12-61-0 ಇದೆಯಲ್ಲ, ಅದು. ಇನ್ನೊಂದು ನಿಮ್ಮ ಕೊಟ್ಟಿಗೆಯ ಡಿಎಪಿ. ಎರಡನ್ನೂ ಬರೀ ಅಮೋನಿಯಂ ಫಾಸ್ಫೇಟ್ ಎಂದರೆ ಯಾವುದನ್ನು ಕೊಡುವುದು? ಪುಸ್ತಕದವರು ಹೈಡ್ರೋಜನ್ ಎಣಿಸಿ ಬೇರೆ ಮಾಡುತ್ತಾರೆ, ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್, ಅಮೋನಿಯಂ ಹೈಡ್ರೋಜನ್ ಫಾಸ್ಫೇಟ್ ಎಂದು. ವ್ಯಾಪಾರದಲ್ಲಿ ಅಷ್ಟುದ್ದ ಯಾರು ಹೇಳುತ್ತಾರೆ, ಹೈಡ್ರೋಜನ್ ಬಿಟ್ಟು ಅಮೋನಿಯಂ ಎಣಿಸಿ ಮಾನೋ, ಡೈ ಎಂದರು. ಒಂದನ್ನು ಹೇಳಿದರೆ ಇನ್ನೊಂದು ತಾನೇ ಗೊತ್ತಾಗುತ್ತದೆ. ಅಂದರೆ ಚೀಲದ ಡೈಗೆ ಕೆಲಸ ಇದೆ. ಅಮೋನಿಯಂ ಸಲ್ಫೇಟಿಗೆ ಡೈ ಹಾಕಿದರೆ ಅದಕ್ಕೆ ಕೆಲಸವೇ ಇಲ್ಲ, ಯಾಕೆಂದರೆ ಅಲ್ಲಿ ಹೈಡ್ರೋಜನ್ ಇದ್ದರೆ ಅಮೋನಿಯಂ ಹೈಡ್ರೋಜನ್ ಸಲ್ಫೇಟ್ ಎಂದು ಹೆಸರಿನಲ್ಲೇ ಹೇಳುತ್ತಾರೆ.

ಡಿಎಪಿ ಹೆಸರು ತಪ್ಪು ಎಂದು ಯಾರಾದರೂ ಮಾಷ್ಟ್ರು ಹೇಳಿದರೆ ಒಪ್ಪಬೇಡಿ. ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್ ಎಂದು ಕೆಮಿಸ್ಟ್ರಿ ಪುಸ್ತಕಗಳೂ ಬರೆಯುತ್ತವೆ.

ಚೀಲ ನೋಡಿದ್ದೀರಿ ಎಂದಾಯಿತು, ಇದನ್ನೂ ಕೇಳಿಬಿಡಿ. 46 ಎಂದರೆ ಫಾಸ್ಫರಸ್ ನೂರಕ್ಕೆ 46 ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಪಿ₂ಒ₅ ಲೆಕ್ಕ. ಚೀಲದೊಳಗೆ ಪಿ₂ಒ₅ ಎಂಬ ವಸ್ತು ಒಂದು ಚಿಟಿಕೆಯೂ ಇಲ್ಲ, ಹಿಂದಿನಿಂದ ಬಂದ ಲೆಕ್ಕ ಹಾಕುವ ಕ್ರಮ ಅಷ್ಟೇ. ನಿಜವಾದ ಫಾಸ್ಫರಸ್ ಸುಮಾರು 20. ಮತ್ತೆ ಪಕ್ಕದಲ್ಲಿ ಯೂರಿಯಾ ಚೀಲ ಇದ್ದರೆ ಅದನ್ನು ಈ ಚಾರ್ಜ್ ಲೆಕ್ಕಕ್ಕೆ ತರಬೇಡಿ. ಯೂರಿಯಾದಲ್ಲಿ ಅಯಾನುಗಳೇ ಇಲ್ಲ.

---

ಉಡುಪಿ_ಪಿಯು_ಸೈನ್ಸ್

ಮೇಡಂ, ನಂದೂ ಒಂದು ಡೌಟ್. ನಮಗೆ ಕ್ರಿಸ್‌ಕ್ರಾಸ್ ಹೇಳಿಕೊಟ್ಟಿದ್ದಾರೆ, ಇದರ ಚಾರ್ಜ್ ಅದರ ಕೆಳಗೆ, ಅದರ ಚಾರ್ಜ್ ಇದರ ಕೆಳಗೆ, ಆಮೇಲೆ ಭಾಗ ಹೋದರೆ ಭಾಗಿಸಿ. ಅದರಲ್ಲಿ ಸೋಡಿಯಂ ಆಕ್ಸಲೇಟ್ ಎನ್‌ಎ₂ಸಿ₂ಒ₄ ಬಂತು. ಎಲ್ಲ ಅಂಕಿಗಳೂ ಎರಡರಿಂದ ಭಾಗ ಹೋಗುತ್ತವೆ, ಎನ್‌ಎಸಿಒ₂ ಎಂದು ಬರೆದರೆ ಯಾಕೆ ತಪ್ಪು? ಇನ್ನೊಂದು, ಐರನ್ನಿಗೆ ಕಾಪರಿಗೆ ರೋಮನ್ ಅಂಕಿ ಹಾಕಿ ಎನ್ನುತ್ತಾರೆ, ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿ ಮ್ಯಾಂಗನೀಸ್ ಇದೆ, ಅದಕ್ಕೆ ಯಾಕೆ ಹಾಕುವುದಿಲ್ಲ?

---

ಕದ್ರಿ_ಕೆಮಿಸ್ಟ್ರಿ

ನೈಟ್‌ಶಿಫ್ಟ್ ಅಣ್ಣ, ಡಿಎಪಿ ವಿವರಣೆ ನಾಳೆಯೇ ಕ್ಲಾಸಿನಲ್ಲಿ ಬಳಸಿಕೊಳ್ಳುತ್ತೇನೆ.

ಕ್ರಿಸ್‌ಕ್ರಾಸ್ ನನಗೆ ಅಷ್ಟು ಇಷ್ಟ ಇಲ್ಲ. ಉತ್ತರ ಬರುತ್ತದೆ, ಯಾಕೆ ಬಂತು ಎಂದು ಗೊತ್ತಾಗುವುದಿಲ್ಲ. ಭಾಗಿಸಬಹುದಾದದ್ದು ಚೆಂಡುಗಳ ಲೆಕ್ಕವನ್ನು ಮಾತ್ರ, ಚೆಂಡಿನ ಒಳಗಿನದ್ದನ್ನಲ್ಲ. ಆಕ್ಸಲೇಟ್ ಎಂದರೆ ಸಿ₂ಒ₄, ಇಡಿಯಾಗಿ −2. ಅದನ್ನು ಅರ್ಧ ಮಾಡಿದರೆ ಆಕ್ಸಲೇಟ್ ಅಲ್ಲ. ಸೋಡಿಯಂ ಎರಡು, ಆಕ್ಸಲೇಟ್ ಒಂದು, ಎರಡಕ್ಕೆ ಒಂದನ್ನು ಭಾಗಿಸಲು ಏನೂ ಇಲ್ಲ, ಕತೆ ಮುಗಿಯಿತು. ಸೋಡಿಯಂ ಪೆರಾಕ್ಸೈಡ್ ಎನ್‌ಎ₂ಒ₂ ಕೂಡ ಇದೇ ಜಾತಿ. ಒ₂ ಅಲ್ಲಿ ಒಂದೇ ಅಯಾನು.

ಆಕ್ಸಲೇಟ್ ನಿಮಗೆ ಹೊಸತಲ್ಲ. ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಸುತ್ತುವಾಗ ಕೈ ತುರಿಸುತ್ತದಲ್ಲ, ಅದು ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್. ಸೂಜಿಯ ಹಾಗೆ ಸಣ್ಣ ಹರಳುಗಳು. ಅಮ್ಮ ಹುಣಸೆಹುಳಿ ಜಾಸ್ತಿ ಹಾಕಿ ಚೆನ್ನಾಗಿ ಬೇಯಿಸಬೇಕು ಎನ್ನುವುದು ಅದಕ್ಕೇ. ಕ್ಯಾಲ್ಸಿಯಂ +2, ಆಕ್ಸಲೇಟ್ −2, ಒಂದಕ್ಕೆ ಒಂದು, ಬ್ರಾಕೆಟ್ ಬೇಡ.

ರೋಮನ್ ಅಂಕಿಗೆ ಬರೋಣ. ಸೋಡಿಯಂ ಯಾವಾಗಲೂ +1, ಕ್ಯಾಲ್ಸಿಯಂ ಯಾವಾಗಲೂ +2, ಅವಕ್ಕೆ ಅಂಕಿ ಬೇಡ. ಕಬ್ಬಿಣ ಹಾಗಲ್ಲ, ಎರಡೂ ಆಗಬಹುದು ಮೂರೂ ಆಗಬಹುದು. ಹಾಗಾಗಿ ಯಾವುದು ಎಂದು ಹೇಳಬೇಕು. ಬರೆಯುವುದು ಬ್ರಾಕೆಟ್ಟಿನೊಳಗೆ ರೋಮನ್ ಅಂಕಿಯಲ್ಲಿ, ಓದುವುದು ಐರನ್ ಟೂ, ಐರನ್ ತ್ರೀ ಎಂದು. ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ತಂದ ಕ್ರಮ ಇದು. ಹಳೆಯ ಕ್ರಮದಲ್ಲಿ ಫೆರಸ್, ಫೆರಿಕ್. ಮೆಡಿಕಲ್ ಶಾಪಿನವರು ಇನ್ನೂ ಹಳೆಯದರಲ್ಲೇ ಇದ್ದಾರೆ, ಕಬ್ಬಿಣದ ಮಾತ್ರೆಯ ಮೇಲೆ ಫೆರಸ್ ಸಲ್ಫೇಟ್ ಎಂದೇ ಇರುತ್ತದೆ.

ಈಗ ಎಫ್‌ಇ₂(ಎಸ್‌ಒ₄)₃ ಕೊಟ್ಟರೆ ಏನು ಮಾಡುತ್ತೀಯ? ಸಲ್ಫೇಟಿನಿಂದ ಶುರು ಮಾಡು, ಅದು ಬದಲಾಗುವುದಿಲ್ಲ. ಮೂರು ಸಲ್ಫೇಟ್, ಒಂದೊಂದಕ್ಕೆ −2, ಒಟ್ಟು −6. ಆ ಕಡೆ ಎರಡು ಕಬ್ಬಿಣ ಸೇರಿ +6 ಆಗಬೇಕು. ಒಂದೊಂದಕ್ಕೆ +3. ಐರನ್ ತ್ರೀ ಸಲ್ಫೇಟ್. ಕ್ರಿಸ್‌ಕ್ರಾಸ್ ನಂಬಿದವರು ಇಲ್ಲಿ ಹಿಂದಕ್ಕೆ ಓದಿ ಸರಿ ಉತ್ತರ ಪಡೆಯುತ್ತಾರೆ, ಆದರೆ ಅದೇ ಮಕ್ಕಳು ಸಿಯುಎಸ್‌ಒ₄ ಕೊಟ್ಟರೆ ಕೆಳಗೆ ಅಂಕಿ ಇಲ್ಲ ಎಂದು ಕಾಪರ್ ವನ್ ಎಂದು ಬರೆಯುತ್ತಾರೆ. ಒಂದು ಸಲ್ಫೇಟ್ −2, ಒಂದು ಕಾಪರ್, ಹಾಗಾದರೆ +2. ಕಾಪರ್ ಟೂ ಸಲ್ಫೇಟ್. ಇಷ್ಟೇ.

ಪರ್ಮಾಂಗನೇಟಿನಲ್ಲಿ ಮ್ಯಾಂಗನೀಸ್ ಋಣ ಅಯಾನಿನ ಒಳಗೆ ಇದೆ. ಎಂಎನ್‌ಒ₄ ಸೇರಿ ಒಂದು ಅಯಾನು, −1, ಅದರ ಹೆಸರೇ ಪರ್ಮಾಂಗನೇಟ್. ಶಾಲೆಯ ಕ್ರಮದಲ್ಲಿ ರೋಮನ್ ಅಂಕಿ ಬೀಳುವುದು ಧನ ಅಯಾನಾಗಿ ಕೂತ ಲೋಹಕ್ಕೆ, ಇಲ್ಲಿ ಆ ಜಾಗದಲ್ಲಿರುವುದು ಪೊಟ್ಯಾಸಿಯಂ, ಅದು ಯಾವಾಗಲೂ +1. ಹಾಗಾಗಿ ಅಂಕಿ ಇಲ್ಲ. ಡೈಕ್ರೋಮೇಟ್ ಕೂಡ ಹೀಗೆ. ಅದರ ಡೈ ಅಯಾನಿನ ಸ್ವಂತ ಹೆಸರಿನ ಭಾಗ, ಸಿಆರ್₂ಒ₇ ಒಳಗೆ ಕ್ರೋಮಿಯಂ ಎರಡಿವೆ ಎಂದು. ಡೈ ಬೇಡ ಎಂದು ನಾನೇ ಹೇಳಿದ್ದೇನೆ ಎಂದು ಅದನ್ನು ಕಿತ್ತು ಪೊಟ್ಯಾಸಿಯಂ ಕ್ರೋಮೇಟ್ ಎಂದು ಬರೆದೀಯ, ಅದು ಬೇರೆಯೇ ಉಪ್ಪು. ಅದು ಹಳದಿ, ಇದು ಕಿತ್ತಳೆ.

---

ಬಿಎಸ್ಸಿ_ಮುಗಿಸಿದವ

ಮೇಡಂ ಹೇಳಿದ ‘ಒಂದು ಆಕ್ಸಿಜನ್ ತೆಗೆದರೆ ಐಟ್’ ಸರಿ, ಅದರ ಮುಂದಿನದ್ದು ಸೇರಿಸುತ್ತೇನೆ. ಕ್ಲೋರಿನ್ ಕುಟುಂಬದಲ್ಲಿ ನಾಲ್ಕು ಮೆಟ್ಟಿಲು: ಸಿಎಲ್‌ಒ ಹೈಪೋಕ್ಲೋರೈಟ್, ಸಿಎಲ್‌ಒ₂ ಕ್ಲೋರೈಟ್, ಸಿಎಲ್‌ಒ₃ ಕ್ಲೋರೇಟ್, ಸಿಎಲ್‌ಒ₄ ಪರ್ಕ್ಲೋರೇಟ್. ನಾಲ್ಕಕ್ಕೂ −1. ಏಟ್‌ಗಿಂತ ಒಂದು ಜಾಸ್ತಿಯಾದರೆ ಪರ್, ಐಟ್‌ಗಿಂತ ಒಂದು ಕಡಿಮೆಯಾದರೆ ಹೈಪೋ. ಮಳೆಗಾಲದಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಕೆಲಸ ಮಾಡುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಸಿಎ(ಸಿಎಲ್‌ಒ)₂. ಹಳೆಯ ಪುಸ್ತಕಗಳಲ್ಲಿ ಸಿಎಒಸಿಎಲ್₂ ಎಂದಿದೆ, ಎರಡನ್ನೂ ನೋಡಿ ಮಕ್ಕಳು ಕಂಗಾಲಾಗುವುದು ಬೇಡ, ಪೌಡರ್ ಒಂದೇ ಶುದ್ಧ ವಸ್ತು ಅಲ್ಲ, ಮಿಶ್ರಣ.

ಆದರೆ ಪರ್ ಎಂದರೆ ಯಾವಾಗಲೂ ಒಂದು ಆಕ್ಸಿಜನ್ ಜಾಸ್ತಿ ಎಂದು ಹಿಡಿದುಕೊಂಡರೆ ಪರ್ಮಾಂಗನೇಟಿನಲ್ಲಿ ಎಡವುತ್ತೀರಿ. ಮಾಂಗನೇಟ್, ಪರ್ಮಾಂಗನೇಟ್ ಎರಡೂ ಎಂಎನ್‌ಒ₄. ಚಾರ್ಜ್ ಮಾತ್ರ ಬೇರೆ, ಮೊದಲನೆಯದಕ್ಕೆ −2, ಎರಡನೆಯದಕ್ಕೆ −1. ಒಂದು ಹಸಿರು, ಒಂದು ನೇರಳೆ. ಹೆಸರಿಡುವವರು ಇಲ್ಲಿ ನಮಗೆ ಸ್ವಲ್ಪ ಅನ್ಯಾಯವೇ ಮಾಡಿದ್ದಾರೆ ಎನ್ನುವುದು ನನ್ನ ಅಭಿಪ್ರಾಯ.

ಅಡುಗೆ ಸೋಡಾ ಬಗ್ಗೆ ಯಾರೂ ಹೇಳಲಿಲ್ಲ. ಬನ್ಸಿಗೆ, ಗೋಳಿಬಜೆಗೆ ಹಾಕುವುದು ಸೋಡಿಯಂ ಬೈಕಾರ್ಬನೇಟ್ ಎಂದು ಡಬ್ಬಿಯಲ್ಲಿ ಇರುತ್ತದೆ. ಬೈ ಎಂದರೆ ಎರಡು ಕಾರ್ಬನೇಟ್ ಎಂದು ತಿಳಿದು ಎರಡು ಸಿಒ₃ ಬರೆಯುವವರಿದ್ದಾರೆ. ಅದು ಎಚ್‌ಸಿಒ₃, ಸೋಡಿಯಂ ಹೈಡ್ರೋಜನ್ ಕಾರ್ಬನೇಟ್. ಕಾರ್ಬನೇಟಿಗೆ −2 ಇತ್ತು, ಒಂದು ಎಚ್ ಬಂದು ಸೇರಿದ್ದಕ್ಕೆ −1 ಆಯಿತು. ಪಣಂಬೂರಿನ ಅಣ್ಣ ಫಾಸ್ಫೇಟಿನಲ್ಲಿ ತೋರಿಸಿದ್ದು ಇದೇ ಲೆಕ್ಕ.

---

ತೋಟದಮನೆ_ಹಿರಿಯಡ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳು ಪಕ್ಕದಲ್ಲೇ ಕೂತು ಓದಿದಳು. ಡಿಎಪಿ ಉತ್ತರ ಓದಿ "ಹಾಗಾದರೆ ನಾನು ಬರೆದದ್ದು ಪೂರ್ತಿ ಹುಚ್ಚು ಅಲ್ಲ" ಎಂದಳು.

ಅವಳಿಗೆ ಈಗ ಎಲ್ಲದರ ಮೇಲೂ ಹೆಸರು ಓದುವ ಚಾಳಿ ಹತ್ತಿದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಔಷಧಿ ಬಿಡಬೇಕಲ್ಲ, ಬೋರ್ಡೋ. ಮೈಲುತುತ್ತು ತಂದಿಟ್ಟಿದ್ದೇವೆ. ಆ ಪ್ಯಾಕೆಟ್ಟಿನಲ್ಲಿ ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್ ಎಂದು ಉಂಟು. ಡೈ ಟ್ರೈ ಬೇಡ ಎಂದು ಮೇಡಂ ಹೇಳಿದರು, ಪೆಂಟಾ ಎಲ್ಲಿಂದ ಬಂತು ಎಂದು ಕೇಳುತ್ತಿದ್ದಾಳೆ. ನಾವು ಹಾಕುವುದು ಒಂದು ಕಿಲೋ ತುತ್ತು, ಒಂದು ಕಿಲೋ ಚಿಪ್ಪು ಸುಣ್ಣ, ನೂರು ಲೀಟರ್ ನೀರು. ಕುಟ್ಟಿ ಸುಣ್ಣ ಹಾಕಿದರೂ ಆಗುತ್ತದೆ, ನನಗೆ ಚಿಪ್ಪಿನದ್ದೇ ನಂಬಿಕೆ.

---

ಪಣಂಬೂರು_ನೈಟ್‌ಶಿಫ್ಟ್

ಬೋರ್ಡೋ ಪಾಠಕ್ಕೆ ಬಹಳ ಒಳ್ಳೆಯದು ಮಾರಾಯ್ರೇ. ಒಂದು ಡ್ರಮ್ಮಿನಲ್ಲಿ ಇಡೀ ಅಧ್ಯಾಯ ಉಂಟು. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬನೇಟ್. ಗೂಡಿನಲ್ಲಿ ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್. ನೀರು ಹಾಕಿದಾಗ ಕೊತಕೊತ ಕುದಿದು ಅರಳುತ್ತದಲ್ಲ, ಆಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕ್ಯಾಲ್ಸಿಯಂ ಅದೇ, ಜೊತೆಗಾರ ಎರಡು ಸಲ ಬದಲು.

ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವಾಗ ಮಗಳನ್ನು ಹತ್ತಿರ ನಿಲ್ಲಿಸಿ, ಕಣ್ಣಿಗೆ ಹಾರದ ಹಾಗೆ. ತಿಳಿ ನೀಲಿ ನೀರು ಇದ್ದದ್ದು ಗಟ್ಟಿ ಆಕಾಶನೀಲಿ ಗಂಜಿಯ ಹಾಗೆ ಆಗುತ್ತದೆ. ಸಲ್ಫೇಟ್ ಕಾಪರನ್ನು ಬಿಟ್ಟು ಕ್ಯಾಲ್ಸಿಯಂ ಹತ್ತಿರ ಹೋಯಿತು, ಹೈಡ್ರಾಕ್ಸೈಡ್ ಕಾಪರ್ ಹತ್ತಿರ ಬಂತು. ಕ್ಯಾಲ್ಸಿಯಂ ಸಲ್ಫೇಟ್, ಕಾಪರ್ ಟೂ ಹೈಡ್ರಾಕ್ಸೈಡ್. ಡ್ರಮ್ಮಿನಲ್ಲಿ ನಿಜವಾಗಿ ಆಗುವುದು ಇದಕ್ಕಿಂತ ಸ್ವಲ್ಪ ಜಟಿಲ, ಒಂಬತ್ತನೇ ಕ್ಲಾಸಿಗೆ ಇಷ್ಟು ಸಾಕು. ಎಸ್‌ಒ₄ ಒಡೆಯಲಿಲ್ಲ, ಸಲ್ಫರ್ ಒಂದು ಕಡೆ ಆಕ್ಸಿಜನ್ ಒಂದು ಕಡೆ ಆಗಲಿಲ್ಲ. ಇಡಿಯಾಗಿಯೇ ಹೋಯಿತು.

ಕತ್ತಿ ಅದ್ದಿ ನೋಡುತ್ತೀರಲ್ಲ, ಸುಣ್ಣ ಸಾಕಾ ಎಂದು? ಕಂದು ಬಣ್ಣ ಹಿಡಿದರೆ ಕಾಪರ್ ಇನ್ನೂ ಕರಗಿಯೇ ಉಳಿದಿದೆ ಎಂದು ಅರ್ಥ. ಕತ್ತಿಯ ಕಬ್ಬಿಣ ಸಲ್ಫೇಟನ್ನು ಎಳೆದುಕೊಂಡಿತು, ಕಾಪರ್ ಬಂದು ಕತ್ತಿಗೆ ಕೂತಿತು. ಆಗ ನೀರಿಗೆ ಹೋದದ್ದು ಐರನ್ ಟೂ ಸಲ್ಫೇಟ್. ಇನ್ನೂ ಸ್ವಲ್ಪ ಸುಣ್ಣ ಹಾಕಿ.

ಪೆಂಟಾ ಮೇಡಂ ಹೇಳಲಿ.

---

ಕದ್ರಿ_ಕೆಮಿಸ್ಟ್ರಿ

ಒಳ್ಳೆಯ ಪ್ರಶ್ನೆ ಪುಟ್ಟಾ. ಮೈಲುತುತ್ತಿನ ಹರಳಿನಲ್ಲಿ ಒಂದು ಕಾಪರ್ ಸಲ್ಫೇಟಿನ ಜೊತೆಗೆ ಐದು ನೀರಿನ ಅಣುಗಳು ಇವೆ. ನೀರಿಗೆ ಚಾರ್ಜ್ ಇಲ್ಲ. ಐದು ಇದ್ದರೂ ಸೊನ್ನೆ, ಮೂರು ಇದ್ದರೂ ಸೊನ್ನೆ, ಒಂದೂ ಇಲ್ಲದಿದ್ದರೂ ಸೊನ್ನೆ. ಕಾಪರ್ +2, ಸಲ್ಫೇಟ್ −2 ಎಂಬ ಲೆಕ್ಕದಿಂದ ನೀರು ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಪೆಂಟಾ ಎಂದು ಬಾಯಿಬಿಟ್ಟು ಹೇಳಬೇಕು. ಸೂತ್ರದಲ್ಲಿ ನಡುವೆ ಒಂದು ಚುಕ್ಕಿ ಇಟ್ಟು 5ಎಚ್₂ಒ ಎಂದು ಬರೆಯುತ್ತಾರೆ.

ಅಪ್ಪನಿಗೆ ಹೇಳು, ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 360 ಗ್ರಾಂ ನೀರೇ ಇದೆ ಎಂದು. ಮೋಸ ಅಲ್ಲ, ಒಂದು ಕಿಲೋ ಎಂಬ ಅಳತೆ ಮಾಡಿದ್ದೇ ಈ ನೀಲಿ ಹರಳಿಗೆ. ಲ್ಯಾಬಿನಲ್ಲಿ ಇದನ್ನು ಬಿಸಿ ಮಾಡಿದರೆ ನೀರು ಹೋಗಿ ಬಿಳಿ ಪುಡಿಯಾಗುತ್ತದೆ, ಹೆಸರಿನಿಂದ ಪೆಂಟಾಹೈಡ್ರೇಟ್ ಕೂಡ ಹೋಗುತ್ತದೆ. ಮನೆಯಲ್ಲಿ ಮಾಡಲು ಹೋಗಬೇಡ, ವಿಷ ಅದು, ಅಡುಗೆ ಪಾತ್ರೆ ಹತ್ತಿರವೂ ತರಬಾರದು.

---

ತೋಟದಮನೆ_ಹಿರಿಯಡ್ಕ

ಮಗಳು ಕೇಳುತ್ತಿದ್ದಾಳೆ, ಬಾವಿ ನೀರು ಕಲಕಿದಾಗ ಹಾಕುವ ಪಟಿಕ ಯಾವುದು, ಅದರಲ್ಲಿ ಎರಡು ಲೋಹ ಇದೆಯಂತೆ ಹೌದಾ?

---

ಬಿಎಸ್ಸಿ_ಮುಗಿಸಿದವ

ಹೌದು. ಕೆಎಎಲ್(ಎಸ್‌ಒ₄)₂, ಅದಕ್ಕೆ 12 ನೀರು. ಪೊಟ್ಯಾಸಿಯಂ +1, ಅಲ್ಯುಮಿನಿಯಂ +3, ಕೂಡಿದರೆ +4, ಸಲ್ಫೇಟ್ ಎರಡು ಬೇಕು, ಎರಡು ಬಂದದ್ದಕ್ಕೆ ಬ್ರಾಕೆಟ್. ಹೆಸರು ಹೇಳುವಾಗ ಎರಡೂ ಲೋಹವನ್ನು ಹೇಳಿ ಕೊನೆಗೆ ಸಲ್ಫೇಟ್: ಪೊಟ್ಯಾಸಿಯಂ ಅಲ್ಯುಮಿನಿಯಂ ಸಲ್ಫೇಟ್. ಕೆಲವು ಪುಸ್ತಕಗಳಲ್ಲಿ ಇಂಗ್ಲಿಷ್ ಅಕ್ಷರದ ಕ್ರಮ ಹಿಡಿದು ಅಲ್ಯುಮಿನಿಯಂ ಮೊದಲು ಬರುತ್ತದೆ, ಅದೂ ಸರಿಯೇ. 12ಕ್ಕೆ ಡೋಡೆಕಾಹೈಡ್ರೇಟ್. ಇದನ್ನು ಒಂಬತ್ತರಲ್ಲಿ ಕೇಳುವುದಿಲ್ಲ.